ಮೋಟಾರುಸೈಕಲ್ಲಿನ ಬ್ರೇಕು: ಮೆತುತನದ ದೋಷ

ದ್ರವವು ಕುಗ್ಗದ ವಸ್ತುವಾದುದರಿಂದ ಬೆರಳಿನ ಒತ್ತಡವು ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರಿಗೆ ಸಾಗುವುದಾದರೂ, ನಾಳದೊಳಗೆ ಗಾಳಿ ಸೇರಿತೆಂದರೆ ಶ್ರಮವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಲಿವರು ಸ್ಪಂಜಿನಂತೆ ಕುಸಿಯುತ್ತದೆ. ಇದಕ್ಕಾಗಿ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ 40° ಮೀರುವ ಬೇಸಗೆಯನ್ನು ದೂರುವುದು ಸುಲಭ. ಆದರೆ ಬಿಸಿಲೊಂದೇ ಬ್ರೇಕ್ ಆಯಿಲನ್ನು ಕುದಿಸಲಾರದು. ಡಾಟ್ 4 ವರ್ಗದ ಹೊಸ ಆಯಿಲಿಗೆ ವಿಧಿಸಿರುವ ಕನಿಷ್ಠ ಕುದಿಬಿಂದು 230° ಸೆ.; ತೇವ ಹೀರಿದ ಆಯಿಲಿಗೆ 155° ಮಾತ್ರ. ಹಳೆಯ ಆಯಿಲು ಘರ್ಷಣೆಯ ಕಾವಿಗೆ ಆವಿಯಾಗಿ, ಗಾಳಿಯಂತೆಯೇ ಲಿವರನ್ನು ಮೆತ್ತಗಾಗಿಸುವುದು ಹೀಗೆ.

ಗಾಳಿಯನ್ನು ಹೊರತೆಗೆಯಲು, ಕ್ಯಾಲಿಪರಿನ ಬ್ಲೀಡ್ ನಿಪ್ಪಲಿಗೆ ಕೊಳವೆ ಸಿಕ್ಕಿಸಿ, ಲಿವರನ್ನು ಒತ್ತಿ ಹಿಡಿದು, ನಿಪ್ಪಲನ್ನು ಕೊಂಚ ಸಡಿಲಿಸಿ, ಗುಳ್ಳೆ ಬೆರೆತ ಆಯಿಲು ಕೊಳವೆಯಲ್ಲಿ ಹೊರಬಂದೊಡನೆ, ಲಿವರನ್ನು ಬಿಡುವ ಮುನ್ನವೇ ನಿಪ್ಪಲನ್ನು ಬಿಗಿಯತಕ್ಕದ್ದು. ಗುಳ್ಳೆ ನಿಲ್ಲುವವರೆಗೆ ಇದನ್ನು ಪುನರಾವರ್ತಿಸಬೇಕು, ಮೇಲಿನ ಆಯಿಲು ಡಬ್ಬಿ ಬರಿದಾಗಬಾರದು. ಒತ್ತಿ ಹಿಡಿದ ಲಿವರು ಸೋರಿಕೆಯಿಲ್ಲದೆಯೂ ಮೆಲ್ಲನೆ ಜಾರಿದರೆ, ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿರುವ ಸಂಭವವೇ ಹೆಚ್ಚು.