ಹಿಂದುಳಿದ ವರ್ಗಗಳ ಆಯೋಗಗಳು, ಕರ್ನಾಟಕ

ಮೀಸಲಾತಿಗೆ ಅರ್ಹವಾದ ಜಾತಿ, ಸಮುದಾಯಗಳನ್ನು ಗುರುತಿಸಲು ಮೈಸೂರು ಸಂಸ್ಥಾನವೂ ಮುಂದೆ ಕರ್ನಾಟಕ ಸರ್ಕಾರವೂ ಕಾಲಕಾಲಕ್ಕೆ ನೇಮಿಸಿದ ಸಮಿತಿಗಳು ಮತ್ತು ಆಯೋಗಗಳು. 1918ರ ಮಿಲ್ಲರ್ ಸಮಿತಿ ಇವುಗಳಲ್ಲಿ ಮೊದಲನೆಯದು. ಅಂಕಿ ಅಂಶ ಕಲೆಹಾಕಿ ಅದರ ಮೇಲೆ ನೀತಿ ರೂಪಿಸುವ ಪ್ರಯತ್ನ ಇಷ್ಟು ದೀರ್ಘಕಾಲ ನಡೆದ ರಾಜ್ಯಗಳು ದೇಶದಲ್ಲಿ ಕಡಿಮೆ. ಹಿಂದುಳಿದವರು ಯಾರು ಎಂಬುದಕ್ಕಿಂತ, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದೇ ಇಲ್ಲಿ ಹೆಚ್ಚು ಜಗಳ ಹುಟ್ಟಿಸಿದೆ. ಗೋಲು ಬದಲಾದಾಗಲೆಲ್ಲ ಪಟ್ಟಿ ಬದಲಾಗಿದೆ. ಪಟ್ಟಿ ಪ್ರಬಲರಿಗೆ ಒಗ್ಗದಿದ್ದಾಗ ವರದಿಯೇ ಕಪಾಟು ಸೇರಿದ್ದೂ ಉಂಟು.

1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯ ನಿಯೋಗ ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೇಳಿತು. ಜನಸಂಖ್ಯೆಯಲ್ಲಿ ಶೇ 4ರ ಆಸುಪಾಸಿನಲ್ಲಿದ್ದ ಬ್ರಾಹ್ಮಣರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಸುಮಾರು ಮೂರನೇ ಎರಡು ಭಾಗ ಇತ್ತು. ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ಆರಿಸಿಕೊಂಡದ್ದು ಇಂಗ್ಲಿಷ್ ಸಾಕ್ಷರತೆಯ ಗೋಲು: ಯಾವ ಸಮುದಾಯದಲ್ಲಿ ಅದು ಶೇ 5ಕ್ಕಿಂತ ಕಡಿಮೆಯೋ ಆ ಸಮುದಾಯ ಹಿಂದುಳಿದದ್ದು. ನೌಕರಿಗೆ ಇಂಗ್ಲಿಷ್ ಬೇಕಿದ್ದ ಕಾಲದಲ್ಲಿ ಇದು ತೀರಾ ವ್ಯಾವಹಾರಿಕ ಆಯ್ಕೆ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಈ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. 1921ರಲ್ಲಿ ಆದೇಶ ಹೊರಟಿತು. ದಕ್ಷತೆ ಕುಗ್ಗುತ್ತದೆಂದು ವಾದಿಸಿದ್ದ ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ದಿವಾನಗಿರಿ ತೊರೆದಾಗಿತ್ತು. ಅದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆನ್ನಲಾಗುತ್ತದೆ.

1956ರ ಏಕೀಕರಣದ ನಂತರ ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಪ್ರದೇಶಗಳ ಬೇರೆ ಬೇರೆ ಪಟ್ಟಿಗಳನ್ನು ಒಂದಾಗಿಸಬೇಕಾಯಿತು. 1960ರಲ್ಲಿ ನೇಮಕವಾದ ನಾಗನಗೌಡ ಸಮಿತಿ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದವರು ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಎಂದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9, ಅದಕ್ಕಿಂತ ಕೆಳಗಿದ್ದವರು ಹಿಂದುಳಿದವರು, ಅದರ ಅರ್ಧಕ್ಕಿಂತಲೂ ಕೆಳಗಿದ್ದವರು ಅತಿ ಹಿಂದುಳಿದವರು. ಲಿಂಗಾಯತರ ಸರಾಸರಿ 7.1. ದಶಾಂಶದಷ್ಟು ಚಿಕ್ಕ ಈ ಅಂತರ ರಾಜಕೀಯವಾಗಿ ದೊಡ್ಡದು. ಸರ್ಕಾರ ಅವರನ್ನೂ ಪಟ್ಟಿಗೆ ಸೇರಿಸಿತು. 1962ರ ಜುಲೈನಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಶೇ 68 ಸೀಟುಗಳನ್ನು ಮೀಸಲಿರಿಸಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಸರಾಸರಿಯ ಹತ್ತಿರ ಇದ್ದವರನ್ನಲ್ಲ, ಅದಕ್ಕಿಂತ ಸಾಕಷ್ಟು ಕೆಳಗಿದ್ದವರನ್ನು ಮಾತ್ರ ಹಿಂದುಳಿದವರೆನ್ನಬಹುದು, ಜಾತಿಯೊಂದೇ ಮಾನದಂಡವಾಗಬಾರದು, ಮೀಸಲಾತಿ ಒಟ್ಟಾರೆ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಇಡೀ ದೇಶ ಇಂದಿಗೂ ಚರ್ಚಿಸುತ್ತಿರುವ ಶೇ 50ರ ಮಿತಿಯ ಮೂಲ ಮೈಸೂರಿನ ಈ ಮೊಕದ್ದಮೆ. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿಗೊಳಿಸಿತು.

ಕೋರ್ಟಿನ ಮುಂದೆ ನಿಲ್ಲಬಲ್ಲ ವರದಿಯನ್ನು ಬರೆಯಲು ಹೊರಟವರು ರಾಣೆಬೆನ್ನೂರಿನ ವಕೀಲ ಎಲ್. ಜಿ. ಹಾವನೂರು. ಮುಖ್ಯಮಂತ್ರಿ ದೇವರಾಜ ಅರಸರು 1972ರಲ್ಲಿ ನೇಮಿಸಿದ ಅವರ ಆಯೋಗ ಮಾದರಿ ಸಮೀಕ್ಷೆ ನಡೆಸಿತು. ಎಸ್ಸೆಸ್ಸೆಲ್ಸಿ ಪಾಸಾದವರ ಪ್ರಮಾಣ, ಸರ್ಕಾರಿ ನೌಕರಿಯಲ್ಲಿನ ಪಾಲು ಎರಡನ್ನೂ ನೋಡಿತು. 1975ರ ನವೆಂಬರಿನಲ್ಲಿ ಬಂದ ವರದಿ ಲಿಂಗಾಯತರನ್ನು ಹೊರಗಿಟ್ಟಿತು. ತುರ್ತುಪರಿಸ್ಥಿತಿಯ ಕಾಲ, ಪ್ರತಿಭಟನೆಗೆ ಅವಕಾಶ ಕಡಿಮೆ. 1977ರ ಫೆಬ್ರುವರಿಯಲ್ಲಿ ಅರಸು ಅದನ್ನು ತಿದ್ದುಪಡಿಗಳೊಂದಿಗೆ ಜಾರಿಗೆ ತಂದರು. ವರದಿಯ ಬಲದಷ್ಟೇ ಆ ಗಳಿಗೆಯೂ ಕೆಲಸ ಮಾಡಿತೆಂದು ಹೇಳದೆ ಗತಿಯಿಲ್ಲ.

ಮುಂದಿನ ಆಯೋಗದ ಗತಿಯೇ ಇದಕ್ಕೆ ಸಾಕ್ಷಿ. ಟಿ. ವೆಂಕಟಸ್ವಾಮಿ ಆಯೋಗ 1984ರಲ್ಲಿ ರಾಜ್ಯದ ಬಹುತೇಕ ಮನೆಗಳನ್ನು ಮುಟ್ಟಿದ ಸಮೀಕ್ಷೆ ನಡೆಸಿತು. ಅಲ್ಲಿಯವರೆಗಿನ ಯಾವ ಆಯೋಗದ ಬಳಿಯೂ ಅಷ್ಟು ಮಾಹಿತಿ ಇರಲಿಲ್ಲ. 1986ರ ವರದಿ ಲಿಂಗಾಯತ, ಒಕ್ಕಲಿಗ ಇಬ್ಬರನ್ನೂ ಪಟ್ಟಿಯಿಂದ ಕೈಬಿಟ್ಟದ್ದೇ ತಡ, ಕೋಲಾಹಲವೆದ್ದಿತು. ರಾಮಕೃಷ್ಣ ಹೆಗಡೆ ಸರ್ಕಾರ ಅದನ್ನು ತಿರಸ್ಕರಿಸಿತು. ಬಳಿಕ ನೇಮಕವಾದದ್ದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಆಯೋಗ. 1985ರ ಕೆ. ಸಿ. ವಸಂತಕುಮಾರ್ ಮೀಸಲಾತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಐದು ಅಭಿಪ್ರಾಯ ಬರೆದಿದ್ದರು, ಅವರಲ್ಲಿ ರೆಡ್ಡಿಯವರೂ ಒಬ್ಬರು. 1990ರಲ್ಲಿ ಅವರು ಕೊಟ್ಟ ವರದಿಯ ಹಿನ್ನೆಲೆಯಲ್ಲಿ 1994ರಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಈಗಿನ ವಿಂಗಡಣೆ ರೂಪುಗೊಂಡಿತು. ಅದರಲ್ಲಿ ಒಕ್ಕಲಿಗರಿಗೆ 3ಎ, ಲಿಂಗಾಯತರಿಗೆ 3ಬಿ ದಕ್ಕಿತು. ಲೆಕ್ಕ ಹೊರಗಿಟ್ಟವರನ್ನು ರಾಜಕಾರಣ ಒಳಗೆ ಕೂರಿಸಿತ್ತು.

1995ರ ಕಾಯ್ದೆ ಆಯೋಗವನ್ನು ಶಾಶ್ವತಗೊಳಿಸಿ, ಹತ್ತು ವರ್ಷಕ್ಕೊಮ್ಮೆ ಪಟ್ಟಿಯ ಪರಿಷ್ಕರಣೆಯನ್ನು ವಿಧಿಸಿತು. ಅತ್ತ ಅಂಕಿ ಅಂಶಕ್ಕಾಗಿ ಕೋರ್ಟುಗಳ ಒತ್ತಾಯ ಹೆಚ್ಚಿತು. ಕರ್ನಾಟಕದ್ದೇ ಆದ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಸ್ಥಳೀಯ ಸಂಸ್ಥೆಗಳಲ್ಲಿ ರಾಜಕೀಯವಾಗಿ ಹಿಂದುಳಿದವರು ಯಾರೆಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದಿತು. 2023ರ ಮಾರ್ಚಿನಲ್ಲಿ ಚುನಾವಣೆಯ ಹೊಸ್ತಿಲಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಮುಸ್ಲಿಮರ 2ಬಿ ಮೀಸಲಾತಿಯನ್ನು ರದ್ದುಪಡಿಸಿ ಆ ಶೇ 4ನ್ನು ಲಿಂಗಾಯತ, ಒಕ್ಕಲಿಗರಿಗೆ ಹಂಚಿದಾಗ ಆ ನಿರ್ಧಾರದ ಬುನಾದಿಯೇ ಅಲುಗಾಡುವಂತಿದೆ ಎಂದು ಕೋರ್ಟ್ ಟೀಕಿಸಿತು. ಸರ್ಕಾರ ಜಾರಿಯನ್ನು ತಡೆಹಿಡಿಯಿತು.

ಇಷ್ಟರ ನಡುವೆ ರಾಜ್ಯದ ಅತಿದೊಡ್ಡ ಲೆಕ್ಕ ಬೀಗದೊಳಗಿತ್ತು. 2015ರಲ್ಲಿ ಎಚ್. ಕಾಂತರಾಜ ನೇತೃತ್ವದ ಆಯೋಗ ಸುಮಾರು 1.35 ಕೋಟಿ ಮನೆಗಳ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಸಿತು. ವರದಿ ಹೊರಬರಲಿಲ್ಲ, ಅದರವೆನ್ನಲಾದ ಜಾತಿವಾರು ಸಂಖ್ಯೆಗಳು ಮಾತ್ರ ಪತ್ರಿಕೆಗಳಲ್ಲಿ, ಚುನಾವಣಾ ಸಭೆಗಳಲ್ಲಿ ಓಡಾಡಿದವು. ಅಧಿಕೃತವಲ್ಲದ ಅಂಕಿಗಳನ್ನೇ ನಂಬಿ ಮತದಾರ ತನ್ನ ಜಾತಿಯ ಬಲ ಎಣಿಸಿದ, ಪಕ್ಷಗಳು ಟಿಕೆಟ್ ಲೆಕ್ಕ ಹಾಕಿದವು. ಸಾರ್ವಜನಿಕ ಹಣದಲ್ಲಿ ನಡೆದ ಸಮೀಕ್ಷೆ ಜನರನ್ನು ತಲುಪಿದ್ದು ಗಾಳಿಸುದ್ದಿಯಾಗಿ. ಕೊನೆಗೆ ಆಯೋಗದ ನಂತರದ ಅಧ್ಯಕ್ಷ ಕೆ. ಜಯಪ್ರಕಾಶ್ ಹೆಗ್ಡೆ 2024ರ ಫೆಬ್ರುವರಿ 29ರಂದು ವರದಿ ಸಲ್ಲಿಸಿದರು. 2025ರ ಏಪ್ರಿಲ್‌ನಲ್ಲಿ ಅದು ಸಂಪುಟದ ಮುಂದೆ ಬಂತು. ಸಮೀಕ್ಷೆಗೆ ಹತ್ತು ವರ್ಷವಾಯಿತೆಂಬ ಕಾರಣಕ್ಕೆ ಜೂನ್‌ನಲ್ಲಿ ಮರುಸಮೀಕ್ಷೆಯ ತೀರ್ಮಾನವಾಯಿತು. ಹಳತಾಗುವವರೆಗೆ ಕಾದದ್ದು ಸರ್ಕಾರಗಳೇ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಮಧುಸೂದನ್ ಆರ್. ನಾಯ್ಕ್ ಅಧ್ಯಕ್ಷತೆಯ ಆಯೋಗದ ಹೊಸ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಶುರುವಾಯಿತು. ತಡೆಯಾಜ್ಞೆ ಕೊಡಲೊಪ್ಪದ ಹೈಕೋರ್ಟ್, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದು ಮಧ್ಯಂತರ ಆದೇಶ ನೀಡಿತು. ಅದಕ್ಕೂ ಮೊದಲೇ, ಅದೇ ವರ್ಷದ ಏಪ್ರಿಲ್ 30ರಂದು, ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸಂಪುಟ ಪ್ರಕಟಿಸಿತ್ತು.