ಇಬ್ಬರು ವೆಂಕಟರಾಮನ್ ಮತ್ತು ನಮ್ಮ ಗದ್ದೆಯ ಪಾಚಿ

ನಾಟಿ ಆದ ಹದಿನೈದು ದಿನಕ್ಕೆ ನೀರಿನ ಮೇಲೆ ಪಾಚಿ ಕಟ್ಟಿದರೆ ನಮ್ಮ ನಾಲೆ ಬಯಲಲ್ಲಿ ಮೊದಲು ಬರೋ ಮಾತು, "ಮೈಲುತುತ್ತ ಹಾಕ್ಬಿಡಿ" ಅಂತ. ನಾನೂ ಎಷ್ಟೋ ವರ್ಷ ಹಾಕಿದ್ದೀನಿ. ಆ ಪಾಚಿಯ ಚರಿತ್ರೆ ಓದಿದ ಮೇಲೆ ಈ ಸಲ ಕೈ ತಡೀತು, ಅದಕ್ಕೇ ಬರೀತಿದ್ದೀನಿ.

ಹೆಚ್ಚು ಗೊಬ್ಬರ ಕಾಣದ ಗದ್ದೆಯೂ ವರ್ಷಾ ವರ್ಷಾ ಭತ್ತ ಕೊಡ್ತಿತ್ತಲ್ಲ, ಸಾರಜನಕ ಎಲ್ಲಿಂದ ಬರ್ತಿತ್ತು? 1939ರಲ್ಲಿ ಪಿ.ಕೆ. ಡೇ ಅನ್ನೋ ನಮ್ಮ ದೇಶದ ವಿಜ್ಞಾನಿ ಇದಕ್ಕೆ ಉತ್ತರ ಕೊಟ್ಟರು: ಮುಖ್ಯವಾಗಿ ನೀಲಿ ಹಸಿರು ಪಾಚಿಯಿಂದ. ಹೆಸರಿಗೆ ಪಾಚಿ, ನಿಜವಾಗಿ ಅದು ಬಿಸಿಲಲ್ಲಿ ಬದುಕೋ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಅನಬೀನ, ನಾಸ್ಟಾಕ್ ಜಾತಿಯವು ಮಣಿಸರದ ಹಾಗಿರ್ತವೆ. ನಡುನಡುವೆ ದಪ್ಪ ಗೋಡೆಯ ಒಂದು ಮಣಿ, ಗಾಳಿಯ ಸಾರಜನಕ ಹಿಡಿಯೋದು ಅದರೊಳಗೇ. ದನಕ್ಕೆ ಅಂತ ಹಿತ್ತಲಲ್ಲಿ ಬೆಳೆಸ್ತೀರಲ್ಲ ಅಜೋಲ್ಲ, ಅದರ ಎಲೆಯ ಸಂದಿಯಲ್ಲಿ ಮನೆ ಮಾಡಿರೋದೂ ಇದರ ಬಳಗವೇ.

ಆಮೇಲೆ ಜಪಾನಿನಲ್ಲಿ ವತನಾಬೆ ಇದನ್ನು ಬೆಳೆಸಿ ಗದ್ದೆಗೆ ಬಿಟ್ಟರು. ಕಾಶಿಯಲ್ಲಿ ಆರ್.ಎನ್. ಸಿಂಗ್ ಚೌಳು ನೆಲ ಸರಿಮಾಡೋಕೆ ಬಳಸಿದರು. ಆದರೆ ರೈತನ ಅಂಗಳಕ್ಕೆ ತಂದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಜಿ.ಎಸ್. ವೆಂಕಟರಾಮನ್. ಅವರ ವಿಧಾನಕ್ಕೆ ಲ್ಯಾಬ್ ಬೇಡ. ಆರಡಿ ಉದ್ದ, ಮೂರಡಿ ಅಗಲದ ತೊಟ್ಟಿ, ಇಲ್ಲಾ ಪ್ಲಾಸ್ಟಿಕ್ ಹಾಸಿದ ಗುಂಡಿ. ಎಂಟತ್ತು ಕೆಜಿ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್, ಮೇಲೆ ನೀರು. ಮಣ್ಣು ಹುಳಿ ಇದ್ದರೆ ಸ್ವಲ್ಪ ಸುಣ್ಣ. ಮೇಲೆ ಹೆಪ್ಪು ಹಾಕಿದ ಹಾಗೆ ಒಂದಿಷ್ಟು ಪಾಚಿ ಉದುರಿಸಬೇಕು. ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೆ ದಪ್ಪ ಪದರ ಕಟ್ಟುತ್ತೆ. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತೆ, ಚೀಲಕ್ಕೆ ತುಂಬೋದು. ನಾಟಿ ಆದ ವಾರ ಹತ್ತು ದಿನಕ್ಕೆ, ನಿಂತ ನೀರಿಗೆ, ಎಕರೆಗೆ ನಾಲ್ಕು ಕೆಜಿ.

ಅದೇ 1970ರ ದಶಕದಲ್ಲಿ ನಮ್ಮ ಮೈಸೂರಲ್ಲೇ ಇನ್ನೊಬ್ಬ ವೆಂಕಟರಾಮನ್ ಇದ್ದರು, ಎಲ್.ವಿ. ವೆಂಕಟರಾಮನ್. ಪೇಟೆಗೆ ಹೋಗುವಾಗ ಕೆ.ಆರ್.ಎಸ್. ರಸ್ತೆಯಲ್ಲಿ ಚೆಲುವಾಂಬ ಮ್ಯಾನ್ಷನ್ ನೋಡಿರ್ತೀರಿ, 1950ರಿಂದ ಸಿ.ಎಫ್.ಟಿ.ಆರ್.ಐ. ಇರೋದು ಅಲ್ಲೇ. 1973ರಲ್ಲಿ ಜರ್ಮನಿಯ ಜೊತೆ ಅಲ್ಲಿ ಪಾಚಿ ಯೋಜನೆ ಶುರುವಾಯ್ತು. ಇವರು ಬೆಳೆಸಿದ್ದು ಗದ್ದೆಗಲ್ಲ, ತಟ್ಟೆಗೆ. ಸ್ಪಿರುಲಿನಾ ಅಂತ ಮಾತ್ರೆ ಮಾರ್ತಾರಲ್ಲ, ಅದೂ ನೀಲಿ ಹಸಿರು ಪಾಚಿಯೇ. ಸ್ಪಿರುಲಿನಾಕ್ಕೆ ಗಾಳಿಯ ಸಾರಜನಕ ಹಿಡಿಯೋ ಆ ಮಣಿ ಇಲ್ಲ, ತಂದು ಗದ್ದೆಗೆ ಹಾಕೋಕೆ ಹೋಗಬೇಡಿ!

ಈಗ ಲೆಕ್ಕಕ್ಕೆ ಬರೋಣ. ಪುಸ್ತಕದಲ್ಲಿ ಹೆಕ್ಟೇರಿಗೆ 20ರಿಂದ 30 ಕೆಜಿ ಸಾರಜನಕ ಅಂತಾರೆ. ಎಕರೆಗೆ ಹತ್ತು ಕೆಜಿ ಹಿಡಿದರೂ ಯೂರಿಯಾದಲ್ಲಿ ಅರ್ಧ ಮೂಟೆ ಹತ್ತಿರ. ಆದರೆ ಎಲ್ಲಾ ಕಡೆ ಅಷ್ಟು ಸಿಗಲಿಲ್ಲ. ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪಿಯರ್ ರೋಜರ್ ಮತ್ತು ಜೊತೆಯವರು ಹಲವು ದೇಶದ ಗದ್ದೆ ಮಣ್ಣು ನೋಡಿದಾಗ, ಊರ ಪಾಚಿ ಅಲ್ಲೇ ಬೇಕಾದಷ್ಟಿತ್ತು. ಹೊರಗಿನಿಂದ ಹಾಕಿದ್ದು ಹಲವು ಕಡೆ ನೆಲೆ ನಿಲ್ಲಲೇ ಇಲ್ಲ. ರಂಜಕ ಕಡಿಮೆ ಇದ್ದರೆ ಅದು ಏಳಲ್ಲ, ನೀರಿನ ಸಣ್ಣ ಹುಳ, ಬಸವನಹುಳ ಮೇಯ್ದುಬಿಡ್ತವೆ. ಯೂರಿಯಾ ಪೂರ್ತಿ ಸುರಿದರೆ ಗಾಳಿಯಿಂದ ಹಿಡಿಯೋ ಕೆಲಸ ನಿಲ್ಲಿಸುತ್ತೆ. ಕಷ್ಟಪಡೋದು ಯಾಕೆ ಅದಕ್ಕೆ?

ನನಗನ್ನಿಸೋದು, ಪ್ಯಾಕೆಟ್ ತರೋದಕ್ಕಿಂತ ಇರೋದನ್ನ ಸಾಯಿಸದೆ ಇರೋದು ಮೊದಲು. ಮೈಲುತುತ್ತ ಅಂದ್ರೆ ತಾಮ್ರ, ಈ ಪಾಚಿಗೆ ಅದು ವಿಷ. ಹಾಗಂತ ಎಲ್ಲಾ ಪಾಚಿಯೂ ಒಳ್ಳೇದಲ್ಲ. ಕೂದಲಿನ ಹಾಗೆ ಹಸಿರಾಗಿ ಎಳೆ ಎಳೆ ಬಂದು ಎಳೇ ಪೈರನ್ನ ಮಲಗಿಸುತ್ತಲ್ಲ, ಅದು ಬೇರೆ ಜಾತಿ, ಕೈಯಲ್ಲಿ ಎಳೆದು ಹಾಕಿ. ಕಪ್ಪು ನೀಲಿಯಾಗಿ ಲೋಳೆ ಲೋಳೆ ಇರೋದನ್ನ ಬಿಡಿ.

ಈ ಸಲ ಇಪ್ಪತ್ತು ಗುಂಟೆಗೆ ಮೈಲುತುತ್ತ ಹಾಕಿಲ್ಲ, ಸೂಪರ್ ಫಾಸ್ಫೇಟ್ ಪೂರ್ತಿ ಕೊಟ್ಟು ಯೂರಿಯಾ ಹತ್ತು ಕೆಜಿ ಕಡಿಮೆ ಮಾಡಿದ್ದೀನಿ. ಪಾಚಿ ಸತ್ತು ಕೊಳೆತ ಮೇಲೇ ಹೆಚ್ಚಿನ ಸಾರಜನಕ ಪೈರಿಗೆ ಸಿಗೋದು, ಮೂರ್ನಾಲ್ಕು ಬೆಳೆ ನೋಡಬೇಕಂತೆ. ಕೊಯ್ಲಾದ ಮೇಲೆ ಆ ಇಪ್ಪತ್ತು ಗುಂಟೆ ಭತ್ತ ಬೇರೆ ತೂಗಿಸಿ, ಕಡಿಮೆ ಬಂದಿದ್ರೂ ಇಲ್ಲೇ ಹಾಕ್ತೀನಿ.