28 ವರ್ಷಗಳ ವಾಕ್ಯಾರ್ಥ

ಮಧುಗಿರಿಯ ಹೆಬ್ಬಂಡೆಯ ನೆತ್ತಿಗೆ ಕೋಟೆಯ ಕಿರೀಟವಿಟ್ಟ ಪಾಳೆಯಗಾರರು ಅಳಿದರು. 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾದ ಸಿರಾ, ಮುಕ್ಕಾಲು ಶತಮಾನ ತುಂಬುವಷ್ಟರಲ್ಲಿ ಮರಾಠರನ್ನೂ ಕಂಡು ಹೈದರಾಲಿಯ ವಶವಾಯಿತು. ಕೊರಟಗೆರೆ, ಪಾವಗಡಗಳೂ ಮೈಸೂರಿನ ಧ್ವಜಕ್ಕೆ ತಲೆಬಾಗಿದವು. 1799ರಲ್ಲಿ ಆ ಧ್ವಜದ ಒಡೆಯನೂ ಶ್ರೀರಂಗಪಟ್ಟಣದಲ್ಲಿ ಮಡಿದ. ಈ ಸೀಮೆಯ ವಾರಸುದಾರರಾದ ನಮಗೆ ಇವೆಲ್ಲ ಕಂಠಸ್ಥ. ಸೈನ್ಯಗಳು ಸರಿದುಹೋದ ಮೇಲೆ ಇದೇ ನೆಲವನ್ನು ಹಾಯ್ದ ಮತ್ತೊಂದು ಮಹಾಪ್ರಯತ್ನದ ಕಥೆಯೂ ನಮ್ಮ ಪಿತ್ರಾರ್ಜಿತವೇ.

ಆಂಗ್ಲರ ಆಳ್ವಿಕೆಯಲ್ಲಿ ಕ್ರೈಸ್ತ ಮಿಷನ್ನುಗಳು ದೇಶವನ್ನು ಹಂಚಿಕೊಂಡವು. ತುಮಕೂರು ಸೀಮೆ ವೆಸ್ಲಿಯನ್ನರದಾಯಿತು. ಗುಬ್ಬಿಯಲ್ಲಿ ನೆಲೆಸಿದ ವಿಲಿಯಂ ಆರ್ಥರ್ ಇಲ್ಲಿಯ ಅನುಭವಗಳನ್ನು 1847ರಲ್ಲಿ ಗ್ರಂಥವಾಗಿಸಿದ. ಪಾವಗಡದ ಗಡಿ ದಾಟಿದರೆ ಅನಂತಪುರದಲ್ಲಿ ಲಂಡನ್ ಮಿಷನ್. ಬೆಂಗಳೂರಿನ ದಂಡಿನಲ್ಲಿ ಸೇಂಟ್ ಮಾರ್ಕ್ಸ್ ದೇವಾಲಯದ ಆಂಗ್ಲಿಕನ್ನರು. ಒಬ್ಬನೇ ಕ್ರಿಸ್ತನನ್ನು ಆರಾಧಿಸುವವರ ನಡುವೆ, ನಮ್ಮವರು ಎಂದೂ ಎಳೆಯದ ಗಡಿರೇಖೆಗಳು! ಇಂಗ್ಲೆಂಡಿನ ಹಳೆಯ ಕಲಹಗಳನ್ನು ಕನ್ನಡ, ತೆಲುಗು ರೈತನ ಮಕ್ಕಳು ಹೊರಬೇಕಾಗಿ ಬಂದದ್ದು ಆ ಕಾಲದ ಅನ್ಯಾಯವೆಂದೇ ಹೇಳುತ್ತೇನೆ.

ಬೇರೆಬೇರೆಯಾಗಿದ್ದ ಸಭೆಗಳನ್ನು ಒಂದುಗೂಡಿಸಿ ಆ ಹೊರೆಯನ್ನು ಇಳಿಸುವ ಸಂಕಲ್ಪ 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಮೂಡಿತು. ಭಾರತದ ಪ್ರಥಮ ಭಾರತೀಯ ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಯ್ಯ ಅದರ ಅಗ್ರಣಿ. ನೆರೆದವರಲ್ಲಿ ಇಬ್ಬರನ್ನುಳಿದು ಎಲ್ಲರೂ ಭಾರತೀಯರು. ಮರುವರ್ಷವೇ ಸಂಧಾನ ಆರಂಭವಾಯಿತು. ಪ್ರಶ್ನೆ ಒಂದೇ, ಆದರೆ ಅಗಾಧ. ಅಪೊಸ್ತಲರ ಕಾಲದಿಂದ ಹರಿದುಬಂದ ಬಿಷಪ್ಪರ ಪರಂಪರೆಯಿಲ್ಲದೆ ಪಾದ್ರಿಯ ದೀಕ್ಷೆ ಸಿಂಧುವೇ? ಹೌದೆಂದರೆ ಆಂಗ್ಲಿಕನ್ನರ ಪರಂಪರೆ ಕುಸಿಯಿತು. ಇಲ್ಲವೆಂದರೆ ವೆಸ್ಲಿಯನ್ನರೂ ಲಂಡನ್ ಮಿಷನ್ನಿನವರೂ ತಮ್ಮ ಹಿರಿಯರು ನೀಡಿದ ಕರ್ತನ ಭೋಜನವನ್ನೇ ಅಲ್ಲಗಳೆಯಬೇಕಾಯಿತು. ಯಾರೂ ಎದ್ದು ಹೋಗಲಿಲ್ಲ. ಒಂದೊಂದು ಪದವನ್ನೂ ಜರಡಿ ಹಿಡಿದು, ಕರಡಿನ ಮೇಲೆ ಕರಡು ಬರೆದು, 28 ವರ್ಷ ವಾಕ್ಯಾರ್ಥ ನಡೆಸಿದರು. ಕೊನೆಗೆ ಕಂಡ ದಾರಿ ಅಸಾಧಾರಣವಾದದ್ದು. ಬಿಷಪ್ಪರ ಪೀಠವನ್ನು ಎಲ್ಲರೂ ಅಂಗೀಕರಿಸುವುದು, ಅದಕ್ಕೆ ಒಂದೇ ಸಿದ್ಧಾಂತದ ವ್ಯಾಖ್ಯಾನವನ್ನು ಯಾರ ಮೇಲೂ ಹೇರದಿರುವುದು. ಇದ್ದ ಪಾದ್ರಿಗಳೆಲ್ಲರನ್ನೂ ಒಪ್ಪಿಕೊಳ್ಳುವುದು. ಮುಂದಿನ ದೀಕ್ಷೆಗಳನ್ನು ಬಿಷಪ್ಪರೇ ಕೊಡುವುದು. ಯಾವ ಸಭೆಯ ಅಂತಃಕರಣಕ್ಕೂ ವಿರುದ್ಧವಾಗಿ ಪಾದ್ರಿಯನ್ನು ಕಳುಹಿಸದಿರುವುದು. ವಾದವನ್ನು ತೀರ್ಪಿನಿಂದ ಮುಗಿಸದೆ, ಒಂದೇ ಮನೆಯೊಳಗೆ ಮುಂದುವರಿಸುವ ಧೈರ್ಯ ಅದು.

ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಕಿರುಹೊತ್ತಗೆಯನ್ನೇ ಬರೆದು ಯೋಜನೆಯನ್ನು ಖಂಡಿಸಿದ. 1945ರ ಜನವರಿ 1ರಂದು ಅಜರಯ್ಯ ಕಣ್ಮುಚ್ಚಿದರು. ಭಾರತದ ಆಂಗ್ಲಿಕನ್ ಮಹಾಸಭೆ ಸಮ್ಮತಿಯಿತ್ತದ್ದು ಅದೇ ವರ್ಷ. ಫಲವನ್ನು ಕಾಣಲು ವಿಧಿ ಆ ಹಿರಿಯನಿಗೆ ಅವಕಾಶ ಕೊಡಲಿಲ್ಲ. ಸ್ವಾತಂತ್ರ್ಯ ಬಂದು ಆರು ವಾರಗಳಾಗಿದ್ದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಬಿಷಪ್ಪರೇ ಇಲ್ಲದ ವೆಸ್ಲಿಯನ್ ಮೆಥಡಿಸ್ಟ್ ಪರಂಪರೆಯಿಂದ ಬಂದ ಗುರುಶಾಂತರು ಮೈಸೂರು ಧರ್ಮಪ್ರಾಂತ್ಯದ ಮೊದಲ ಬಿಷಪ್ಪರಾದರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಮ್ಮ ಈ ನಾಲ್ಕು ತಾಲ್ಲೂಕುಗಳೂ ಅವರ ಪಾಲನೆಗೆ ಸೇರಿದವು. ನಂದ್ಯಾಲದ ಆಂಗ್ಲಿಕನ್ನರು ಅನೇಕರು ಹೊರಗುಳಿದರು. ಆಂಗ್ಲಿಕನ್ ಬಿಷಪ್ಪರ 1948ರ ಲ್ಯಾಂಬೆತ್ ಸಮ್ಮೇಳನ ಹೊಸ ಸಭೆಗೆ ಪೂರ್ಣ ಸಹಭಾಗಿತ್ವ ನೀಡದೆ ಹಿಂಜರಿಯಿತು. ಈ ತಿರಸ್ಕಾರದಿಂದ ಸಭೆ ಎದೆಗುಂದಲಿಲ್ಲ. ಅದರ ಮೊದಲ ಮಾಡರೇಟರ್, ಅಂದರೆ ಮುಖ್ಯಸ್ಥ, ಆಂಗ್ಲಿಕನ್ನರಾಗಿದ್ದ ಮೈಕೆಲ್ ಹಾಲಿಸ್, 1950ರ ದಶಕದಲ್ಲಿ ಮದ್ರಾಸಿನ ಪೀಠವನ್ನೇ ತೊರೆದು ಬೆಂಗಳೂರಿಗೆ ಬಂದರು. 1910ರಲ್ಲಿ ಹಲವು ಮಿಷನ್ನುಗಳು ಕೂಡಿ ಕಟ್ಟಿದ್ದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಎಲ್ಲ ಪರಂಪರೆಗಳ ತರುಣರನ್ನೂ ಎದುರು ಕೂರಿಸಿಕೊಂಡು ಸಭಾಚರಿತ್ರೆಯನ್ನು ಬೋಧಿಸಿದರು.